ಸಂಕಲ್ಪದ ನೀರಿನಲ್ಲಿ ಬಂದದ್ದು

ನಾನು ರವೆ ಜರಡಿ ಹಿಡಿಯುತ್ತಿದ್ದೆ. ಮಳೆಗಾಲದ ರೇಷನ್ ರವೆ, ಡಬ್ಬಿಯಲ್ಲಿ ನಾಲ್ಕು ದಿನ ಇಟ್ಟರೆ ಸಾಕು, ನುಚ್ಚಿನ ಬಣ್ಣದ ಸಣ್ಣ ಹುಳುಗಳು ಹರಿದಾಡುತ್ತವೆ. ನಮ್ಮ ಮನೆಯಲ್ಲಿ ಹುಳು ಕೊಲ್ಲುವ ರೂಢಿಯಿಲ್ಲ. ಜರಡಿಯ ಮೇಲೆ ಉಳಿದವನ್ನು ಹಳೆಯ ಕಾಗದದ ಮೇಲೆ ಉದುರಿಸಿಕೊಂಡು, ಹಿತ್ತಲಿನ ದಾಸವಾಳದ ಬುಡಕ್ಕೆ ಬಿಟ್ಟು ಬರುವುದು. ಹಾಗೆ ಒಂದು ಸಲ ಬಿಟ್ಟು ಒಳಗೆ ಬಂದು ಮತ್ತೆ ಜರಡಿ ಹಿಡಿದು ಕೂತಿದ್ದೆ, ಗೇಟಿನ ಸಪ್ಪಳವಾಯಿತು. ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ ನಮ್ಮವರು ತಮ್ಮ ತಾಯಿಯ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದರು.

"ಪೊರೆ ಪೂರ್ತಿ ಬಲತದಂತ," ಎಂದರು. "ಮಳಿಗಾಲ ಮುಗದ ಮ್ಯಾಲೆ ಕರ್ಕೊಂಡು ಬರ್ರಿ, ಒಂದು ಕಣ್ಣಿಂದು ಮದಲ ತಗದುಬಿಡೋಣ ಅಂದ್ರು. ಈ ವರ್ಷ ಬಿಟ್ರ ಮುಂದ ಆ ಕಣ್ಣಿನ ಆಸೆ ಬಿಡ್ರಿ ಅಂತನೂ ಅಂದ್ರು."

ಅತ್ತೆ ಗೋಡೆ ಮುಟ್ಟಿಕೊಳ್ಳುತ್ತ ತಮ್ಮ ಮಣೆಯ ಮೇಲೆ ಕೂತರು. "ಆಸೆ ಇಟ್ಟುಕೊಂಡವರು ಯಾರು? ನೋಡಬೇಕಾದ್ದೆಲ್ಲಾ ನೋಡೇನಿ. ಆಪರೇಷನ್ ಗೀಪರೇಷನ್ ನನ್ನ ಮುಂದ ತಗೀಬ್ಯಾಡ್ರಿ," ಎಂದರು. ಅಷ್ಟೇ. ಜಪಮಾಲೆ ಕೈಗೆ ಬಂತು. ಮಾಲೆ ಕೈಗೆ ಬಂದ ಮೇಲೆ ಅವರೊಂದಿಗೆ ವಾದವಿಲ್ಲ.

ಆಗ ನಾವು ಲಿಂಗಂಪಲ್ಲಿಯಲ್ಲಿ ಬಾಡಿಗೆಗಿದ್ದೆವು. ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಸುತ್ತ ಬಂಡೆಗಲ್ಲು, ಖಾಲಿ ಜಾಗ, ಅಲ್ಲೊಂದು ಇಲ್ಲೊಂದು ಮನೆ. ನಮ್ಮವರ ಆಫೀಸು ಅಬಿಡ್ಸ್‌ನಲ್ಲಿ, ಬೆಳಗಿನ ರೈಲಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಅಷ್ಟು ದೂರ ಯಾಕೆ ಮನೆ ಮಾಡಿದಿರಿ ಎಂದು ಎಲ್ಲರೂ ಕೇಳುತ್ತಿದ್ದರು. ಉತ್ತರ ಒಂದೇ: ಅಲ್ಲಿ ಬಾವಿಯಿತ್ತು. ಅತ್ತೆ ಮಡಿ ಹೆಂಗಸು. ನಳದ ನೀರು ಅವರ ದೇವರ ಪೂಜೆಗೆ ನಡೆಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ನಾನು ಮಿಂದು, ಒದ್ದೆ ಸೀರೆಯಲ್ಲೇ ಬಾವಿಯಿಂದ ಒಂದು ಕೊಡ ಸೇದಿ, ಮೂರು ಮಡಿಕೆಯ ಅರಿವೆಯಲ್ಲಿ ಸೋಸಿ ದೇವರ ಮುಂದೆ ಇಡಬೇಕು. ಹೊರಗೆ ಕೂತ ದಿನಗಳನ್ನು ಬಿಟ್ಟರೆ, ಮದುವೆಯಾದಾಗಿನಿಂದ ಇದರಲ್ಲಿ ಒಂದು ದಿನವೂ ತಪ್ಪಿದವಳಲ್ಲ.

ತಪ್ಪಿದ್ದು ಆಷಾಢದ ಏಕಾದಶಿಯ ಮರುದಿನ. ಚಾತುರ್ಮಾಸದ ವ್ರತ ಹಿಡಿಯುವ ದಿನ ಅದು. ಮೊದಲ ತಿಂಗಳು ಕಾಯಿಪಲ್ಯ, ಸೊಪ್ಪು ಬಿಡಬೇಕು. ಎರಡನೆಯ ತಿಂಗಳು ಮೊಸರು, ಮೂರನೆಯದು ಹಾಲು, ನಾಲ್ಕನೆಯದು ಬೇಳೆಕಾಳು. ರಾತ್ರಿಯ ಗಾಳಿಗೆ ಸೋಸುವ ಅರಿವೆ ಹಗ್ಗದಿಂದ ಹಾರಿ ಎಲ್ಲೋ ಬಿದ್ದಿತ್ತು. ಹುಡುಕುತ್ತ ಕೂತರೆ ಪಾರಣೆಯ ಹೊತ್ತು ಮೀರುತ್ತದೆ. ನೀರು ತಿಳಿಯಾಗಿಯೇ ಕಂಡಿತು. ಸೋಸದೆ ತಂದು ಇಟ್ಟೆ. ಒಂದು ದಿನಕ್ಕೆ ಏನಾದೀತು ಎಂದುಕೊಂಡೆ.

ಅತ್ತೆ ಬಲಗೈಯ ಅಂಗೈಯಲ್ಲಿ ಅಕ್ಷತೆ ಹಿಡಿದು, ನನ್ನಿಂದ ಎರಡು ಉದ್ಧರಣೆ ನೀರು ಹಾಕಿಸಿಕೊಂಡು ಸಂಕಲ್ಪ ಹೇಳುತ್ತಿದ್ದರು. ನಡುವೆ ನಿಂತರು. ಅವರು ಮಂತ್ರದ ನಡುವೆ ನಿಂತದ್ದನ್ನು ನಾನು ಕಂಡೇ ಇರಲಿಲ್ಲ.

"ಕೈಯಾಗ ಏನೋ ಅದ," ಎಂದರು ಮೆಲ್ಲಗೆ. "ಜೀವ ಅದ. ಕಚಗುಳಿ ಇಟ್ಟಂಗ ಆಡಲಿಕ್ಕತ್ತದ."

ಬಗ್ಗಿ ನೋಡಿದೆ. ಒಂದು ಹೆಸರುಕಾಳಿನಷ್ಟು ಕಪ್ಪು ತಲೆ, ಎಳೆಯಂಥ ಬಾಲ. ಅಕ್ಷತೆಯ ಕಾಳುಗಳ ನಡುವೆ ಹೊರಳುತ್ತಿತ್ತು. "ಅತ್ತೀ, ಕೈ ಅಲಗಾಡಸಬ್ಯಾಡ್ರಿ," ಎಂದೆ. "ಮೀನಿನ ಮರಿ ಇದ್ದಂಗ ಅದ."

ಆ ಮಾತು ಆಡಿದ್ದು ನಾನೇ. ಆಮೇಲೆ ನಡೆದದ್ದಕ್ಕೆಲ್ಲ ಮೂಲ ಅದು.

ಅತ್ತೆಯ ಮುಖ ಬದಲಾಯಿತು. ಅವರು ಪುರಾಣ ಕೇಳಿ ಬೆಳೆದವರು. ರಾಜರ್ಷಿ ನದಿಯಲ್ಲಿ ನಿಂತು ತರ್ಪಣ ಕೊಡುವಾಗ ಬೊಗಸೆಯ ನೀರಿನಲ್ಲಿ ಸಣ್ಣ ಮೀನು ಬಂದದ್ದು, ಅದನ್ನು ಕಮಂಡಲದಲ್ಲಿ ಇಟ್ಟರೆ ಕಮಂಡಲ ಸಾಲದೆ, ಕೊಡ ಸಾಲದೆ, ಕೆರೆ ಸಾಲದೆ ಕಡೆಗೆ ಸಮುದ್ರಕ್ಕೆ ಬಿಟ್ಟದ್ದು, ಎಲ್ಲ ಅವರಿಗೆ ನಿನ್ನೆ ಮೊನ್ನೆಯ ಸಂಗತಿಯಂತೆ. ಎಡಗೈಯನ್ನೂ ಬಲಗೈಯ ಕೆಳಗೆ ಕೊಟ್ಟು, ಬೊಗಸೆಯನ್ನು ಹಣೆಯ ಮಟ್ಟಕ್ಕೆ ಎತ್ತಿದರು. ಕಾಣದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಪಂಚಪಾತ್ರಿಯೊಳಗ ಬಿಡು. ಒಂದು ದಳ ತುಳಸಿ ಹಾಕು," ಎಂದರು. ಆಮೇಲೆ ಸಂಕಲ್ಪ ಪೂರ್ತಿ ಮಾಡಿ, ಪಾತ್ರೆಯ ಕಡೆಗೇ ಮುಖ ಮಾಡಿ ಹೇಳಿದರು: "ಇದನ್ನ ನೋಡಬೇಕು ನಾ. ಮಗಗ ಹೇಳು, ಆ ಡಾಕ್ಟರ್ ಎಂದಿಗೆ ಬಾ ಅಂತಾರ ಕೇಳಂತ."

ಎರಡು ವರ್ಷ ನಾವು ಎಷ್ಟು ಬೇಡಿಕೊಂಡರೂ ಹೊರಡದ ಮಾತು ಅದು. ಸಂಜೆ ನಮ್ಮವರು ಚಪ್ಪಲಿ ಕಳಚುವ ಮೊದಲೇ ಹೇಳಿದೆ. ಅವರು ಮರುದಿನವೇ ಹೋಗಿ, ತುಳಸಿ ಲಗ್ನ ಮುಗಿದ ವಾರಕ್ಕೆ ಆಪರೇಷನ್ ಗೊತ್ತುಮಾಡಿ ಬಂದರು. ವ್ರತ ಮುಗಿಯದೆ ಅತ್ತೆ ಆಸ್ಪತ್ರೆಯ ಅನ್ನ ಮುಟ್ಟುವವರಲ್ಲ.

ಪಂಚಪಾತ್ರೆ ತಾಮ್ರದ್ದು. ಅದಕ್ಕಿಂತ ಶುದ್ಧವಾದ ಪಾತ್ರೆ ನಮ್ಮಲ್ಲಿ ಇನ್ನೊಂದಿಲ್ಲ. ಮೂರನೆಯ ದಿನಕ್ಕೆ ಆ ಜೀವ ಬಾಲ ಆಡಿಸುವುದನ್ನು ನಿಲ್ಲಿಸಿ ಒಂದು ಮಗ್ಗುಲಾಗಿ ತೇಲತೊಡಗಿತು. ಆರನೆಯ ಇಯತ್ತೆಯಲ್ಲಿ ಓದುತ್ತಿದ್ದ ಮಗಳು ಶಾಲೆಯಿಂದ ಬಂದು ಬಗ್ಗಿ ನೋಡಿದಳು. ಮರುದಿನ ವಿಜ್ಞಾನದ ಟೀಚರನ್ನು ಕೇಳಿಕೊಂಡು ಬಂದು, ನನ್ನನ್ನು ಅಡುಗೆಮನೆಯ ಮೂಲೆಗೆ ಎಳೆದಳು.

"ಅಮ್ಮಾ, ತಾಮ್ರದ ನೀರು ಅದಕ್ಕ ವಿಷ ಅಂತ. ಲಗೂನ ಗಾಜಿನ್ಯಾಗ ಹಾಕು. ಮತ್ತ ಅದು ಮೀನಲ್ಲ. ಗೊದಮೊಟ್ಟೆ. ಕಪ್ಪಿ ಆಗ್ತದ."

"ಶ್! ಅಜ್ಜಿಗೆ ಕೇಳಸೀತು."

ಉಪ್ಪಿನಕಾಯಿಯ ಗಾಜಿನ ಭರಣಿಯನ್ನು ಉಪ್ಪು, ಎಣ್ಣೆಯ ವಾಸನೆ ಹೋಗುವತನಕ ಏಳು ಸಲ ತೊಳೆದು, ಬಾವಿಯ ನೀರು ತುಂಬಿ, ಅದನ್ನು ಬಿಟ್ಟೆವು. ರಾತ್ರಿ ಊಟದ ಹೊತ್ತಿಗೆ ಬಾಲ ಒಂದು ಸಲ ಅಲುಗಿತು. ಬೆಳಿಗ್ಗೆ ಭರಣಿಯ ಸುತ್ತ ಓಡಾಡುತ್ತಿತ್ತು. ಪಾಂಡುರಂಗ, ಇದೊಂದು ನಿನ್ನ ಉಪಕಾರ ಎಂದು ಕೈ ಮುಗಿದೆ. ದೇವರಿಗೆ ಸಲ್ಲುವ ಪಾತ್ರೆ ದೇವರು ಮಾಡಿದ ಜೀವಕ್ಕೆ ಸಲ್ಲುವುದಿಲ್ಲ ಎನ್ನುವುದು ನನಗೆ ಅಂದಿನತನಕ ಗೊತ್ತಿರಲಿಲ್ಲ.

ಅತ್ತೆಗೆ ಮಾತ್ರ ಹೇಳಲಿಲ್ಲ. "ಪಾತ್ರಿ ಸಾಲಲಿಲ್ಲೇನು?" ಎಂದು ಕೇಳಿದರು. "ಹೂಂ ರೀ," ಎಂದೆ. ಅವರು ಸಂತೋಷದಿಂದ ತಲೆಯಾಡಿಸಿದರು. ವ್ರತದ ತಿಂಗಳಲ್ಲಿ ಸುಳ್ಳು. ಆದರೆ ನಿಜ ಹೇಳಿದರೆ ಕಣ್ಣು ಹೋಗುತ್ತದೆ. ಯಾವುದು ಹೆಚ್ಚಿನ ಪಾಪ ಎಂದು ತೂಗಲು ನನಗೆ ಬರಲಿಲ್ಲ. ದಿನಾ ದೀಪ ಹಚ್ಚುವಾಗ ತಪ್ಪೊಪ್ಪಿಕೊಂಡು, ದಿನಾ ಅದನ್ನೇ ಮಾಡಿದೆ.

ಇನ್ನು ಅದರ ಹೊಟ್ಟೆ. ಮಗಳ ಟೀಚರು ಬೇಯಿಸಿದ ಪಾಲಕ್ ಸೊಪ್ಪು ಹಾಕಿರೆಂದಿದ್ದರು. ಇಡೀ ಮನೆ ಸೊಪ್ಪು ಬಿಟ್ಟ ತಿಂಗಳು. ಹೆಸರುಬೇಳೆ, ಕಾಳುಮೆಣಸು, ಜೀರಿಗೆ, ಒಣಗಿದ ಮಾವಿನಕಾಯಿ, ಇಷ್ಟರಲ್ಲೇ ಎಲ್ಲ ಅಡುಗೆ. ಸೊಪ್ಪು ಮಾರುವವಳು ಕಲಬುರಗಿ ಕಡೆಯವಳು, ನಮ್ಮಂಥ ಮನೆಗಳ ರೀತಿ ಬಲ್ಲವಳು. ಆಷಾಢದಲ್ಲಿ ನಮ್ಮ ಬಾಗಿಲಿಗೆ ಬುಟ್ಟಿ ಇಳಿಸುತ್ತಲೇ ಇರಲಿಲ್ಲ. ನಾನೇ ಕರೆದೆ.

"ಒಂದು ಎಲಿ ಪಾಲಕ್ ಕೊಡವಾ."

"ಒಂದು ಕಟ್ಟೇನ್ರೀ?"

"ಕಟ್ಟಲ್ಲ. ಒಂದು ಎಲಿ."

ಅವಳು ಬುಟ್ಟಿ ಇಳಿಸಿ ಸೊಂಟದ ಮೇಲೆ ಕೈ ಇಟ್ಟಳು. "ಅಯ್ಯ ನಮ್ಮವ್ವ! ವರ್ತ ಹಿಡದ ಮಂದಿ, ಸೊಪ್ಪ ತಗೊಳ್ಳಾಕತ್ತೀರಿ. ಅದೂ ಕದ್ದು ತಿಂಬೋರಗತೆ ಒಂದ ಎಲಿ! ನಿಮ್ಮತ್ತಿಗೆ ಹೇಳಬೇಕೇನ್ರೀ?"

"ನನಗಲ್ಲ ತಾಯಿ. ಒಳಗ ಒಂದು ಕೂಸು ಐತಿ," ಎಂದು ಅವಳ ಮಾತಿನಲ್ಲೇ ಹೇಳಿ, ಕರೆದುಕೊಂಡು ಹೋಗಿ ಭರಣಿ ತೋರಿಸಿದೆ. ಅವಳು ಭರಣಿಗೆ ಮೂಗು ಹಚ್ಚಿ ನೋಡಿದಳು. ಬೇಯಿಸಿದ ಎಲೆಯ ಚೂರಿಗೆ ಬಾಯಿ ಹಚ್ಚಿ ಅದು ಗರಗಸದಂತೆ ಅಂಚು ಕೊರೆಯುತ್ತಿತ್ತು. "ಭಾಳ ಹಸದೈತಿ ಪಾಪ," ಎಂದಳು. ಆ ತಿಂಗಳೆಲ್ಲ ದಿನಕ್ಕೊಂದು ಎಲೆ ನಮ್ಮ ಕಿಟಕಿಯ ಸರಳಿಗೆ ಸಿಕ್ಕಿಸಿ ಹೋದಳು. ಅದಕ್ಕೆ ಏನನ್ನೂ ತೆಗೆದುಕೊಳ್ಳಲಿಲ್ಲ.

ನಾನು ನೀರಿನ ಮುಂದೆ ಅಷ್ಟು ಹೊತ್ತು ಕೂತವಳೇ ಅಲ್ಲ. ಒಂದು ಒಗ್ಗರಣೆಯ ಹೊತ್ತು ಕೂಡ ಕೈ ಕಟ್ಟಿ ಕೂರುವ ಅಭ್ಯಾಸ ನನಗಿಲ್ಲ. ಆದರೆ ಆ ಭರಣಿ ಕೂರಿಸಿತು. ಅದರ ಹೊಟ್ಟೆಯ ಚರ್ಮ ಎಷ್ಟು ತೆಳುವೆಂದರೆ ಒಳಗಿನ ಕರುಳು ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡದ್ದು ಕಾಣುತ್ತಿತ್ತು. ಇಷ್ಟು ಸಣ್ಣದರೊಳಗೆ ಇಷ್ಟು ಉದ್ದದ್ದನ್ನು ಸುತ್ತಿ ಇಟ್ಟವನ ಕೈ ಎಂಥದ್ದಿರಬೇಕು. ನನಗೆ ಒಂದು ಸೀರೆಯನ್ನು ಟ್ರಂಕಿನಲ್ಲಿ ಸರಿಯಾಗಿ ಮಡಚಿ ಇಡಲು ಬರುವುದಿಲ್ಲ.

ಶ್ರಾವಣದಲ್ಲಿ, ನಾವು ಮೊಸರು ಬಿಟ್ಟ ತಿಂಗಳಲ್ಲಿ, ಅದಕ್ಕೆ ಕಾಲು ಬಂತು. ಬಾಲದ ಬುಡದಲ್ಲಿ ಎರಡು ಮೊಗ್ಗು, ಸಾಸಿವೆಯಷ್ಟು. ಮೊದಲು ಕಂಡವಳು ನಾನು. ಯಾರಿಗೂ ಹೇಳಲಿಲ್ಲ. ಒಂದು ವಾರದಲ್ಲಿ ಮೊಗ್ಗಿಗೆ ಮೊಣಕಾಲು ಬಂತು, ಪಾದ ಬಂತು, ಪಾದಕ್ಕೆ ಬೆರಳು. ಹಿತ್ತಲಿಗೆ ಒಯ್ದು ನೀರು ಬದಲಿಸುತ್ತಿದ್ದ ಮಗಳು ತಡೆಯಲಾರದೆ ಕೂಗಿದಳು. "ಅಮ್ಮಾ! ಕಾಲು! ಒದೀಲಿಕ್ಕತ್ತದ ನೋಡು ಬಾ, ಕಾಲಿಲೆ ಒದೀಲಿಕ್ಕತ್ತದ!"

ಅತ್ತೆಯ ಮಾಲೆ ನಿಂತಿತು.

"ಯಾವುದಕ್ಕ ಕಾಲು?"

ಮಗಳು ಭರಣಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

"ಮೀನಿಗೆ ಕಾಲು ಬರ್ತಾವೇನು?" ಅವರು ನನ್ನ ದಿಕ್ಕಿಗೆ ಮುಖ ತಿರುಗಿಸಿದ್ದರು. "ಹೇಳು. ಏನದು?"

"ಕಪ್ಪೀ ಮರಿ ರೀ," ಎಂದೆ.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಒಂದು ತಿಂಗಳಿಂದ ದಿನಾ ಅದಕ್ಕ ನಮಸ್ಕಾರ ಮಾಡೇನಿ. ಕುರುಡಿ ಅಂತ ನನ್ನ ಆಡಿಸಿದ್ರಿ. ಹೋಗ್ಲಿ ಬಿಡು," ಎಂದರು. ಸ್ವಲ್ಪ ಹೊತ್ತಿನ ಮೇಲೆ: "ಡಾಕ್ಟರ್‌ಗೆ ಬರೂದಿಲ್ಲ ಅಂತ ಹೇಳಿಬಿಡ್ರಿ. ಕಪ್ಪೀ ನಾ ನೋಡೇನಿ."

ಅದಾದ ಮೇಲೆ ನನ್ನೊಂದಿಗೆ ಮಾತಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದರು, ಬೇಕು ಬೇಡ ಹೇಳುತ್ತಿರಲಿಲ್ಲ. ನಮ್ಮವರು ಆಸ್ಪತ್ರೆಗೆ ಹೋಗಿ ಬೇಡವೆಂದು ಹೇಳಲಿಲ್ಲ. ಇರಲಿ, ದಿನ ಇನ್ನೂ ಇವೆ ಎಂದರು. ನಾನು ಆ ಭರಣಿಯನ್ನು ಬಾವಿಗೆ ಸುರಿದು ಬರುತ್ತೇನೆ ಎಂದು ಎರಡು ಸಲ ಎತ್ತಿದೆ. ಎರಡು ಸಲವೂ ಅದು ತನ್ನ ಹೊಸ ಕಾಲುಗಳನ್ನು ಚಾಚಿ ಗಾಜಿಗೆ ಮುಖ ಹಚ್ಚಿ ನಿಂತಿತು. ಅದರ ತಪ್ಪೇನು? ತಪ್ಪು ಹೇಳಿದ್ದು ನಾನು. ಭರಣಿಯನ್ನು ಕೆಳಗಿಟ್ಟು, ಹಿತ್ತಲಿನ ಸಿಮೆಂಟಿನ ತೊಟ್ಟಿಯನ್ನು ತಿಕ್ಕಿ ತೊಳೆದು ಬಾವಿಯ ನೀರು ತುಂಬಿದೆ. ಕೆರೆಯಿಂದ ಒಂದು ಅಂತರಗಂಗೆ ಗಿಡ ತಂದು ಬಿಟ್ಟೆ, ಏರಿ ಕೂರಲು ಒಂದು ಒಡಕು ಹೆಂಚು ಇಟ್ಟೆ, ಮರಿಯನ್ನು ಅದರಲ್ಲಿ ಬಿಟ್ಟು, ಕಾಗೆ ಬಾರದಂತೆ ಹಳೆಯ ಸೊಳ್ಳೆಪರದೆಯ ತುಂಡು ಮುಚ್ಚಿದೆ. ತೊಟ್ಟಿ ಇದ್ದದ್ದು ಅತ್ತೆಯ ಕೋಣೆಯ ಕಿಟಕಿಯ ಕೆಳಗೇ. ಬೇರೆ ಜಾಗವಿರಲಿಲ್ಲ.

ಭಾದ್ರಪದದಲ್ಲಿ, ಹಾಲು ಬಿಟ್ಟ ದಿನಗಳು, ಒಂದು ಮುಂಜಾನೆ ನೋಡುತ್ತೇನೆ, ಎಡಗಡೆಯ ಮುಂಗೈ ಹೊರಗೆ ಬಂದಿದೆ. ಹಿಂದಿನ ಕಾಲಿನಂತೆ ದಿನಾ ಇಷ್ಟಿಷ್ಟು ಬೆಳೆದು ಬಂದದ್ದಲ್ಲ. ಒಳಗೇ ಪೂರ್ತಿ ತಯಾರಾಗಿ, ಕುಪ್ಪಸದ ತೋಳಿನಿಂದ ಕೈ ಹೊರಬಂದ ಹಾಗೆ ಮೊಣಕೈ ಮೊದಲು ಮಾಡಿ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಬಲಗೈ. ನಾನು ಕೆಲಸ ಬಿಟ್ಟು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತೆ.

ಆದರೆ ಅಂದಿನಿಂದ ಅದು ತಿನ್ನುವುದನ್ನು ಬಿಟ್ಟಿತು. ಪಾಲಕ್ ಹಾಗೇ ಕೊಳೆಯಿತು. ಬಾಯಿ ಬೇರೆ ಆಕಾರ ತೆಗೆದುಕೊಳ್ಳುತ್ತ, ಮುಖ ಅಗಲವಾಗುತ್ತ ಹೋಯಿತು. ಒಂದು ದಿನ, ಎರಡು ದಿನ, ಮೂರು. ಹೆಂಚಿನ ಅಂಚಿಗೆ ಮೂಗು ಮೇಲೆ ಮಾಡಿ ಸುಮ್ಮನೆ ಕೂತಿತ್ತು. ಮಗಳು ತೊಟ್ಟಿಯ ಪಕ್ಕ ಕೂತು ಅಳತೊಡಗಿದಳು. "ಏನೂ ತಿನ್ನವಲ್ದು ಅಮ್ಮಾ. ಸಾಯ್ತದ ಅದು."

ಕಿಟಕಿಯ ಒಳಗಿಂದ ದನಿ ಬಂತು. "ಎಷ್ಟು ದಿನಾ ಆತು ಉಪವಾಸ?"

ಸುಮಾರು ಒಂದು ತಿಂಗಳ ಮೇಲೆ ಕೇಳಿದ ಮೊದಲ ಮಾತು. ಉಪವಾಸದ ವಿಷಯವಾದರೆ ಅತ್ತೆಯ ಕಿವಿ ಮುಚ್ಚಿಕೊಳ್ಳುವುದಿಲ್ಲ. ನಲವತ್ತು ವರ್ಷ ಒಂದು ಏಕಾದಶಿಗೂ ನೀರು ಬಿಟ್ಟು ಬೇರೇನೂ ಮುಟ್ಟದವರು.

"ಮೂರು ದಿನಾ ಅಜ್ಜಿ," ಎಂದಳು ಮಗಳು ಮೂಗು ಒರೆಸಿಕೊಳ್ಳುತ್ತ.

"ನೀರು?"

"ನೀರಾಗs ಕೂತದ ಅಜ್ಜಿ."

"ಏನ್ ತಿಂದು ಜೀವಾ ಹಿಡದದ ಮತ್ತ?"

ಮಗಳು ಪುಸ್ತಕ ತಂದು, ಅದರಲ್ಲಿದ್ದ ತೆಲುಗು ಸಾಲುಗಳನ್ನು ಕನ್ನಡ ಮಾಡಿಕೊಂಡು ಹೇಳಿದಳು. ಹಳೇ ಬಾಯಿ ಹೋಗಿ ಹೊಸ ಬಾಯಿ ಬರುವತನಕ ಅದಕ್ಕೆ ತಿನ್ನಲಿಕ್ಕೆ ಬರುವುದಿಲ್ಲ. ಆ ದಿನಗಳಲ್ಲಿ ಅದು ಬೇರೆ ಏನನ್ನೂ ಮುಟ್ಟದೆ ತನ್ನ ಬಾಲವನ್ನೇ ಒಳಗೊಳಗೆ ಕರಗಿಸಿಕೊಂಡು ಬದುಕುತ್ತದೆ. ಬಾಲ ತೀರುವಷ್ಟರಲ್ಲಿ ಬಾಯಿ ಸಿದ್ಧ.

ಒಳಗೆ ಮಣೆ ಸರಿದ ಸದ್ದಾಯಿತು. ಆಮೇಲೆ ಅತ್ತೆ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದರು. ಮಡಿಯಲ್ಲಿದ್ದವರು. ಆ ಹೊತ್ತಿನಲ್ಲಿ ನನ್ನ ಸೆರಗು ತಾಗಿದರೂ ಮತ್ತೆ ಮೀಯುವವರು. ತೊಟ್ಟಿಯ ಮುಂದೆ ಕೂತು, ಪರದೆ ಸರಿಸಿ, ಬಲಗೈಯ ಅಂಗೈಯನ್ನು ಮೇಲೆ ಮಾಡಿ ನೀರಿನಲ್ಲಿ ಇಳಿಸಿದರು.

ನಾನು ಮೆಲ್ಲಗೆ ಅದನ್ನು ಹೆಂಚಿನಿಂದ ಆ ಕಡೆ ನೂಕಿದೆ. ಅದು ನಾಲ್ಕೂ ಕಾಲು ಊರಿ ಅವರ ಅಂಗೈ ಹತ್ತಿ ಕೂತಿತು.

"ಅಯ್ಯ," ಎಂದರು. ಎಡಗೈಯ ಬೆರಳಿನಿಂದ ಅದರ ಬೆನ್ನನ್ನು ತಡವಿ, ಹಿಂದೆ ಉಳಿದಿದ್ದ ಅಷ್ಟಿಷ್ಟು ಮೊಂಡು ಬಾಲವನ್ನು ಮುಟ್ಟಿ ನೋಡಿದರು. "ಸಣ್ಣದಾಗ್ಯದಲ್ಲ! ಮದಲ ಇದಕ್ಕಿಂತ ದೊಡ್ಡದಿತ್ತು ಅಂತಿದ್ರಿ."

"ಹೌದ್ರಿ. ಬಾಲ ಹೋಗಿ ಸಣ್ಣದಾತು."

"ಪುರಾಣದಾಗಿಂದು ದೊಡ್ಡದಾಗ್ತಾ ಹೋತು. ಇದು ಸಣ್ಣದಾಗಲಿಕ್ಕೆ ಬಂದದ." ಅವರು ನಗಲಿಲ್ಲ. ಅಂಗೈಯನ್ನು ನೀರಿನಿಂದ ತೆಗೆಯಲೂ ಇಲ್ಲ. "ನಾವು ಏಕಾದಶಿ ಮಾಡ್ತೀವಿ. ಮರುದಿನಾ ಬೆಳಗಾಗೂದ್ರೊಳಗ ಪಾರಣಿಗೆ ಏನು ಮಾಡ್ಲಿ ಅಂತ ಒಲಿ ಮುಂದ ನಿಲ್ತೀವಿ. ಇದು ತನ್ನ ದೇಹಾನs ಕರಗಿಸಿ ಕೂತದ. ಯಾರ ಕಲಿಸಿದ್ರು ಇದಕ್ಕ?" ಆಮೇಲೆ ನನ್ನ ಕಡೆ ತಿರುಗದೆ, "ಮೀನ ನೋಡೇನಿ. ಕಪ್ಪೀ ನೋಡೇನಿ. ಅದು ಇದಾಗೂದನ್ನ ನೋಡಲಿಲ್ಲ ನಾನು. ಡಾಕ್ಟರ್‌ಗೆ ಬರ್ತಾರ ಅಂತ ಹೇಳು," ಎಂದರು.

ನನ್ನ ಸುಳ್ಳಿನಿಂದ ಆಗದ ಕೆಲಸ ಅದರ ನಿಜದಿಂದ ಆಯಿತು. ಆ ರಾತ್ರಿ ದೇವರ ಮುಂದೆ ನನಗೆ ಕೇಳಿಕೊಳ್ಳಲು ಏನೂ ಹೊಳೆಯಲಿಲ್ಲ.

ಬಾಲ ಪೂರ್ತಿ ಹೋದ ಮರುದಿನ ಅದು ತನ್ನ ಪಾರಣೆ ಮಾಡಿತು. ಸೊಪ್ಪು ಬೇಡ. ಅಲ್ಲಾಡದ ಯಾವುದೂ ಈಗ ಅದಕ್ಕೆ ಅನ್ನವಲ್ಲ. ನೀರ ಮೇಲೆ ಕೂತ ಸೊಳ್ಳೆಯನ್ನು ಗಬಕ್ಕನೆ ಹಿಡಿದು, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ ನುಂಗಿತು. ಪ್ರತಿ ತುತ್ತಿಗೂ ಹಾಗೇ. ಕಣ್ಣುಗುಡ್ಡೆ ಒಳಗೆ ಇಳಿದು, ತುತ್ತನ್ನು ಗಂಟಲಿಗೆ ದೂಡುತ್ತದಂತೆ, ಮಗಳು ಹೇಳಿದಳು. ಕಣ್ಣಿನಿಂದ ನುಂಗುವ ಜೀವ! ಅತ್ತೆಗೆ ಹೇಳಿದರೆ, "ನೈವೇದ್ಯದ ಹೊತ್ತಿಗೆ ನಾವೂ ಕಣ್ಣು ಮುಚ್ಚತೀವಿ. ಅದರಾಗೇನದ?" ಎಂದರು. ಆದರೆ ಆ ದಿನ ಮೂರು ಸಲ ಅದನ್ನೇ ಮತ್ತೆ ಕೇಳಿದರು.

ಮಳೆ ಇರುವತನಕ ಚಿಂತೆಯಿರಲಿಲ್ಲ. ಸಂಜೆ ಹಿತ್ತಲಿನ ಬಲ್ಬು ಹಚ್ಚಿ ಪರದೆ ತೆಗೆದರೆ ರೆಕ್ಕೆ ಹುಳುಗಳು ತಾವೇ ಬಂದು ನೀರಿಗೆ ಬೀಳುತ್ತಿದ್ದವು. ನಾವು ಕೊಂದದ್ದಲ್ಲ, ನಾವು ಕೊಟ್ಟದ್ದಲ್ಲ, ಎಂದು ನಾನೂ ಅತ್ತೆಯೂ ಸಮಾಧಾನ ಮಾಡಿಕೊಂಡೆವು. ಕಾರ್ತೀಕ ಬಂತು. ತುಳಸಿ ಲಗ್ನವಾಯಿತು. ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದೆವು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ವಾರದ ಮೇಲೆ ಮನೆಗೆ ಬಂದರು. ಪಟ್ಟಿ ಬಿಚ್ಚಿದ ಮೇಲೂ ಎಲ್ಲ ಮಂಜು. ಗಾಯ ಪೂರ್ತಿ ಮಾಗಿ ಕನ್ನಡಕ ಕೊಡುವತನಕ ಆರು ವಾರ ಕಾಯಬೇಕೆಂದರು. "ಅದು ಇರ್ತದಲ್ಲ ಅಲ್ಲೀತನಕ?" ಎಂದು ದಿನಾ ಕೇಳುತ್ತಿದ್ದರು. "ಇರ್ತದ ರೀ," ಎನ್ನುತ್ತಿದ್ದೆ.

ಆ ಚಳಿಗೆ ಹುಳುಗಳೇ ಇಲ್ಲವಾದವು. ಬಲ್ಬಿನ ಸುತ್ತ ಬರೀ ಗಾಳಿ. ಕಪ್ಪೆ ತೊಟ್ಟಿಯ ತಳದಲ್ಲಿ ಕಲ್ಲಿನಂತೆ ಕೂರತೊಡಗಿತು. ಬೆನ್ನಿನ ಎಲುಬು ಎದ್ದು ಕಾಣುತ್ತಿತ್ತು. ಈ ಸಲದ್ದು ವ್ರತವಲ್ಲ, ಬರೀ ಹಸಿವು. ಕರಗಿಸಿಕೊಳ್ಳಲು ಇನ್ನು ಬಾಲವಿಲ್ಲ. ಒಂದು ಬೆಳಿಗ್ಗೆ ನಾನು ರವೆ ಜರಡಿ ಹಿಡಿದು, ಕಾಗದದ ಮೇಲೆ ಹುಳು ಉದುರಿಸಿಕೊಂಡು ದಾಸವಾಳದ ಕಡೆಗೆ ಹೊರಟೆ. ತೊಟ್ಟಿ ದಾರಿಯಲ್ಲೇ ಇತ್ತು. ನಿಂತೆ. ಹುಟ್ಟಿದಾಗಿನಿಂದ ಒಂದು ಇರುವೆಯನ್ನೂ ತಿಳಿದು ತುಳಿದವಳಲ್ಲ. "ಕೃಷ್ಣಾ, ಇದು ನನ್ನ ಮೇಲಿರಲಿ, ಅತ್ತೆಯ ಮೇಲೆ ಬೇಡ," ಎಂದು ಒಂದು ಕಡ್ಡಿಯ ತುದಿಗೆ ಹುಳು ಹತ್ತಿಸಿ ಕಪ್ಪೆಯ ಮುಂದೆ ಹಿಡಿದೆ. ಮೊದಲು ಅಲುಗಲಿಲ್ಲ. ಹುಳು ಹೊರಳಿತು. ಕಪ್ಪೆ ಕಣ್ಣು ಮುಚ್ಚಿ ನುಂಗಿತು. ನನ್ನ ಕಣ್ಣೂ ಮುಚ್ಚಿತ್ತು.

ಆರು ವಾರ ದಿನಾ ಹಾಗೆ ಮಾಡಿದೆ. ಯಾರಿಗೂ ಹೇಳಲಿಲ್ಲ.

ಧನುರ್ಮಾಸದ ಕೊನೆಯಲ್ಲಿ ಕನ್ನಡಕ ಬಂತು. ಸೋಡಾ ಬಾಟಲಿಯ ತಳದಂಥ ಗಾಜು. ಅತ್ತೆ ಅಂಗಳದ ಬಿಸಿಲಿನಲ್ಲಿ ಕೂತು ಎರಡೂ ಕೈಯಿಂದ ಅದನ್ನು ಕಿವಿಗೆ ಸಿಕ್ಕಿಸಿಕೊಂಡರು. ಎಲ್ಲರೂ ಸುತ್ತ ನಿಂತೆವು. ಗಾಜಿನ ಹಿಂದೆ ಒಂದು ಕಣ್ಣು ದೊಡ್ಡದಾಗಿ ತೆರೆಯಿತು. ಮಗನನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಕಡೆಗೆ ಆ ಕಣ್ಣು ನನ್ನ ಮೇಲೆ ನಿಂತಿತು.

"ನಿನ್ನ ತಲಿ ಯಾವಾಗ ಬೆಳ್ಳಗಾತು?" ಎಂದರು.

"ನಿಮಗ ಕಾಣದs ಹೋದಾಗ, ಅತ್ತೀ."

ನನ್ನ ಬೈತಲೆಯ ಹತ್ತಿರ ಕೈ ಚಾಚಿದರು. ಆ ಗಾಜಿನಲ್ಲಿ ಎಲ್ಲ ಹತ್ತಿರ ಬಂದಂತೆ ಕಾಣುತ್ತದಂತೆ, ಕೈ ಒಂದು ಗೇಣು ಈಚೆಗೇ ಗಾಳಿಯಲ್ಲಿ ನಿಂತಿತು. ನಾನೇ ತಲೆ ಮುಂದೆ ಮಾಡಿದೆ.

ಆಮೇಲೆ ತೊಟ್ಟಿಗೆ ಹೋದರು. ಕಪ್ಪೆ ಕಾಣಲಿಲ್ಲ. ಅಂತರಗಂಗೆಯ ಕೆಳಗೆ ಎಲ್ಲೋ ಇತ್ತು. ಮಗಳು ಕೈ ಹಾಕಿ ಹುಡುಕಹೋದಳು. "ಬ್ಯಾಡ. ಬಂದಾಗ ಬರಲಿ," ಎಂದು ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂತರು. ನಮ್ಮವರಿಗೆ ರೈಲಿನ ಹೊತ್ತಾಯಿತು, ಹೋದರು. ಮಗಳಿಗೆ ಶಾಲೆ. ನಾನು ಅಡುಗೆಮನೆಯಿಂದ ಇಣುಕಿ ಇಣುಕಿ ನೋಡುತ್ತಿದ್ದೆ. ಬಿಸಿಲು ತೊಟ್ಟಿಯ ಅಂಚು ದಾಟಿ ನೀರಿಗೆ ಇಳಿಯಿತು. ಆಗ ಎಲೆಗಳ ನಡುವೆ ಮೊದಲು ಎರಡು ಗುಳ್ಳೆಗಳಂತೆ ಕಣ್ಣು ಬಂದವು. ನಾನು ಒದ್ದೆ ಕೈಯಲ್ಲೇ ಹೊರಗೆ ಓಡಿದೆ.

ಅದು ಕೈಕಾಲು ಬಿಟ್ಟು ನೀರಿನ ಮೇಲೆ ತೇಲುತ್ತಿತ್ತು. ಕಣ್ಣಿನ ಸುತ್ತ ಬಂಗಾರದ ಅಂಚು. ಗಂಟಲಿನ ಚರ್ಮ ಏರಿಳಿಯುತ್ತಿತ್ತು. ಅತ್ತೆ ಬಗ್ಗಿ ನೋಡಿದರು. ಅದು ಹೆದರಿ ಮುಳುಗಲಿಲ್ಲ. ಎಷ್ಟು ಹೊತ್ತು ಹಾಗೆ ಇದ್ದರೋ, ಒಲೆಯ ಮೇಲಿನ ಅನ್ನ ತಳ ಹಿಡಿದ ವಾಸನೆ ಬಂದರೂ ನನಗೆ ಕಾಲು ಕೀಳಲಾಗಲಿಲ್ಲ.

"ಮುಂದ ನಾಲ್ಕು ಬೆರಳು," ಎಂದು ಬಾಣಂತಿಯ ಮಗ್ಗುಲಿನ ಕೂಸನ್ನು ನೋಡಿದವರ ಹಾಗೆ ಎಣಿಸಿದರು. "ಹಿಂದ ಐದು. ನಡುವ ಪರದೆ. ಒಂದೂ ಮರತಿಲ್ಲ ನೋಡು ಅವಾ." ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. "ಹೆಸರುಕಾಳಿನಷ್ಟು ಇತ್ತಲ್ಲ, ನನ್ನ ಕೈಯಾಗ. ಇಷ್ಟೆಲ್ಲಾ ಅದರಾಗs ಇತ್ತೇನು ಆವಾಗs?"

"ಇತ್ತು ಅಂತ ಕಾಣ್ತದ ರೀ."

"ನಮಗ ಕಾಣಲಿಲ್ಲ."

ಕಪ್ಪೆ ಆ ತೊಟ್ಟಿಯಲ್ಲಿ ಇನ್ನೂ ಎರಡು ಮಳೆಗಾಲ ಇತ್ತು. ಆದರೆ ಅದರ ಮಾತು ಬಂದಾಗ ನನಗೆ ನೆನಪಾಗುವುದು ಆ ಬೆಳಗು. ಯಾಕೆಂದರೆ ಅತ್ತೆ ಏಳುವಾಗ, ತೊಟ್ಟಿಯ ಅಂಚಿನಲ್ಲಿ ನಾನು ಮರೆತು ಬಿಟ್ಟಿದ್ದ ಕಾಗದ ಅವರ ಹೊಸ ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಕಡ್ಡಿ. ಕಾಗದದ ಮೇಲೆ ರವೆಯ ಎರಡು ಹುಳು.

ಅತ್ತೆ ಕಾಗದ ನೋಡಿದರು. ನನ್ನನ್ನು ನೋಡಿದರು. "ಆರು ವಾರದಿಂದ ಹಾಕಲಿಕ್ಕತ್ತೀನಿ ರೀ," ಎಂದೆ. "ಇಲ್ಲದಿದ್ರ ಉಳೀತಿದ್ದಿಲ್ಲ. ನೀವು ನೋಡೂತನಕಾದ್ರೂ..." ಕಾಗದವನ್ನು ಎತ್ತಿಕೊಂಡೆ.

ಅವರು ತೊಟ್ಟಿಯ ಕಡೆ ತಿರುಗಿ ನೋಡಿದರು. ಕಪ್ಪೆ ಹೆಂಚಿನ ಮೇಲೆ ಏರಿ ಕೂತಿತ್ತು.

"ವ್ರತಾ ಹಿಡದಾಕಿ ನಾನು," ಎಂದರು ಕಡೆಗೆ. "ಅದು ಹಿಡದಿಲ್ಲ. ಅದರ ಅನ್ನಾ ಅದಕ್ಕ ಹಾಕು." ಎರಡು ಹೆಜ್ಜೆ ಹೋಗಿ ತಿರುಗಿದರು. "ನಾಳೆ ಸತ್ಯನಾರಾಯಣನ ಪೂಜಾ ಮಾಡೂಣು, ಕಣ್ಣು ಕೊಟ್ಟಾನ. ಪ್ರಸಾದದ ಸಪಾದಕ್ಕ ರವಾ ಇವತ್ತs ಸ್ವಚ್ಛ ಮಾಡಿ ಹುರದಿಡು. ಇನ್ನ ನಾನೂ ನೋಡತೀನಿ, ಹುಳಾ ಉಳದ್ರ ನನ್ನ ಕಣ್ಣಿಗೆ ಬೀಳ್ತಾವ."

ನಾನು ಒಳಗೆ ಬಂದೆ. ತಳ ಹಿಡಿದ ಅನ್ನವನ್ನು ಇಳಿಸಿದೆ. ಡಬ್ಬಿ ತೆಗೆದು, ಮೊರದ ಮೇಲೆ ರವೆ ಸುರಿದುಕೊಂಡು, ಜರಡಿ ಹಿಡಿದು ಕೂತೆ.